ಆರೂವರೆಗೆ ಗೇಟು, ಏಳಕ್ಕೆ ದೀಪ

ನವೆಂಬರ್ ಬಂತು ಅಂದ್ರೆ ನಮ್ಮ ಕಾಲೇಜಲ್ಲಿ ಎರಡು ನೋಟಿಸು ತಪ್ಪದೆ ಬೀಳುತ್ತೆ. ಒಂದು ನಮ್ಮ ಸಂಘದ್ದೇ. ನಾಟಕಕ್ಕೆ, ಹಾಡಿಗೆ, ರಸಪ್ರಶ್ನೆಗೆ ಹೆಸರು ಕೊಡಿ ಅಂತ ರಾಜ್ಯೋತ್ಸವದ ನೋಟಿಸು. ಇನ್ನೊಂದು ಲೇಡೀಸ್ ಹಾಸ್ಟೆಲ್ ಬೋರ್ಡಿಗೆ ಅಂಟಿಸೋದು: ಬೇಗ ಕತ್ತಲಾಗುತ್ತಿರುವುದರಿಂದ, ವಿದ್ಯಾರ್ಥಿನಿಯರ ಸುರಕ್ಷತೆಯ ದೃಷ್ಟಿಯಿಂದ, ಒಳಬರುವ ಸಮಯವನ್ನು 7.30ರ ಬದಲು 6.30ಕ್ಕೆ ನಿಗದಿಪಡಿಸಲಾಗಿದೆ. ಬಾಯ್ಸ್ ಹಾಸ್ಟೆಲ್ ಬೋರ್ಡಲ್ಲಿ ಮೆಸ್ ಬಿಲ್ಲಿನ ಕೊನೆ ದಿನಾಂಕ ಬಿಟ್ರೆ ಹೊಸದೇನಿಲ್ಲ. ಅಲ್ಲಿ ಹತ್ತು ಗಂಟೆ ಅಂದ್ರೆ ವರ್ಷವಿಡೀ ಹತ್ತು ಗಂಟೆಯೇ. ಸೂರ್ಯ ಎರಡೂ ಹಾಸ್ಟೆಲ್‌ಗೆ ಒಟ್ಟಿಗೇ ಮುಳುಗ್ತಾನೆ ಅಂತ ನಾವು ನಂಬಿದ್ದೆವು.

ಈ ಒಂದು ಗಂಟೆ ಎಲ್ಲಿ ಹೋಗುತ್ತೆ ಅಂತ ನಮ್ಮ ಸಂಘದವರಿಗೆ ಚೆನ್ನಾಗಿ ಗೊತ್ತು. ಲ್ಯಾಬ್ ಮುಗಿಯೋದು ನಾಲ್ಕೂಮುಕ್ಕಾಲಿಗೆ. ಒಂದು ಟೀ ಕುಡಿದು, ಆಡಿಟೋರಿಯಂ ಕೀ ಯಾರ ಹತ್ರ ಇದೆ ಅಂತ ಹುಡುಕೋಷ್ಟರಲ್ಲಿ ಐದೂಕಾಲು. ಆರಕ್ಕೆ ಹುಡುಗೀರು ಬ್ಯಾಗ್ ಎತ್ತಲೇಬೇಕು, ಮೇನ್ ಬ್ಲಾಕಿಂದ ಹಿಂದಿನ ಗೇಟ್ ದಾಟಿ ಹಾಸ್ಟೆಲ್ ಸೇರೋಕೆ ಇಪ್ಪತ್ತು ನಿಮಿಷ ನಡಿಗೆ ಇದೆ. ಹಾಗಾಗಿ ನಮ್ಮ ನಾಟಕಗಳಲ್ಲಿ ಹೆಣ್ಣು ಪಾತ್ರ ಎರಡನೇ ದೃಶ್ಯದಲ್ಲೇ ಸಾಯುತ್ತೆ, ಇಲ್ಲಾಂದ್ರೆ ತವರಿಗೆ ಹೋಗಿ ಅಲ್ಲೇ ಉಳಿದುಬಿಡುತ್ತೆ. ಒಮ್ಮೆ ತೀರ್ಪುಗಾರರೊಬ್ಬರು ಆ ಗೈರುಹಾಜರಿಯಲ್ಲೇ ಏನೋ ದೊಡ್ಡ ರೂಪಕ ಕಂಡು ಹೊಗಳಿದ್ದೂ ಇದೆ. ರೂಪಕವೂ ಇಲ್ಲ, ಮಣ್ಣೂ ಇಲ್ಲ. ರಿಹರ್ಸಲ್ ಹೊತ್ತಿಗೆ ಆರು ಗಂಟೆ ಆಗಿರ್ತಿತ್ತು, ಅಷ್ಟೇ.

ನಾಟಕ ಹೋಗಲಿ ಬಿಡಿ. ಲೈಬ್ರರಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತೆ, ಆದ್ರೆ ಆರು ಗಂಟೆ ಮೇಲೆ ಒಳಗೆ ಕೂತಿರೋರು ಬರೀ ಹುಡುಗರು. ಪ್ಲೇಸ್‌ಮೆಂಟ್ ಟ್ರೇನಿಂಗ್ ಆರರಿಂದ ಎಂಟು, ಹುಡುಗೀರು ರೂಮಿಂದಲೇ ಆನ್‌ಲೈನ್ ಅಟೆಂಡ್ ಆಗಿ ಅಂತಾರೆ. ಹಾಸ್ಟೆಲ್ ವೈಫೈ ಬಗ್ಗೆ ಮಾತಾಡೋ ಹಾಗಿಲ್ಲ. ಇದಕ್ಕಿಂತ ನೋವಾಗೋದು ಪ್ರಾಜೆಕ್ಟ್ ಟೀಮ್ ಮಾಡುವಾಗ ಕೇಳಿಸೋ ಮಾತು: "ಅವಳನ್ನ ಹಾಕ್ಕೋಬೇಡ ಕಣೋ, ಆರಕ್ಕೆ ಎದ್ದು ಹೋಗ್ತಾಳೆ." ಹೇಳಿದವನು ಕೆಟ್ಟವನೇನಲ್ಲ, ಅವನಿಗೆ ಡೆಮೋ ಓಡಬೇಕು. ಆದ್ರೆ ಸುರಕ್ಷತೆಯ ಬಿಲ್ಲು ಯಾರ ಹೆಸರಿಗೆ ಬೀಳ್ತಿದೆ ನೋಡಿ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎಂಜಿನಿಯರಿಂಗ್ ಓದ್ತಾ ಇರೋದಕ್ಕೆ ಅಷ್ಟಾದ್ರೂ ಉಪಯೋಗ ಬೇಡವೇ?

ವರ್ಷದಲ್ಲಿ ಅತಿ ಬೇಗ ಸೂರ್ಯ ಮುಳುಗೋದು ಡಿಸೆಂಬರ್ 21ಕ್ಕೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಅತಿ ಚಿಕ್ಕ ಹಗಲು ಅವತ್ತು ಹೌದು. ಆದ್ರೆ ಬೆಂಗಳೂರಿನ ಅಕ್ಷಾಂಶದಲ್ಲಿ, ಅಂದ್ರೆ ಸುಮಾರು 13 ಡಿಗ್ರಿ ಉತ್ತರದಲ್ಲಿ, ಅತಿ ಬೇಗನೆ ಸಂಜೆಯಾಗೋದು ನವೆಂಬರ್ ಮೂರನೇ ವಾರದ ಸುಮಾರಿಗೆ, 5.50ರ ಆಸುಪಾಸು. ಡಿಸೆಂಬರ್ 21ರ ಹೊತ್ತಿಗೆ ಸೂರ್ಯಾಸ್ತ ಆಗಲೇ ಏಳೆಂಟು ನಿಮಿಷ ಮುಂದಕ್ಕೆ ಹೋಗಿರುತ್ತೆ. ಬೆಳಗ್ಗೆ ಅತಿ ತಡವಾಗಿ ಬೆಳಕಾಗೋದು ಜನವರಿ ಕೊನೆಯಲ್ಲಿ, 6.45 ದಾಟಿದ ಮೇಲೆ. ಭೂಮಿಯ ಅಕ್ಷ ಓರೆಯಾಗಿರೋದು, ಕಕ್ಷೆ ಪೂರ್ತಿ ವೃತ್ತ ಅಲ್ಲದಿರೋದು, ಎರಡೂ ಸೇರಿ ಸೂರ್ಯ ನೆತ್ತಿಗೆ ಬರೋ ಹೊತ್ತನ್ನೇ ಆಚೀಚೆ ಮಾಡುತ್ತವೆ. ಸಮಭಾಜಕಕ್ಕೆ ಹತ್ತಿರ ಇರೋ ನಮಗೆ ಹಗಲಿನ ಉದ್ದ ನಿಧಾನಕ್ಕೆ ಬದಲಾಗೋದ್ರಿಂದ ಈ ಆಚೀಚೆಯೇ ಎದ್ದು ಕಾಣುತ್ತೆ. ಬೀದರಿನವರಿಗೆ, ಕಾರವಾರದವರಿಗೆ ನಿಮಿಷಗಳು ಬೇರೆ, ಕಥೆ ಇದೇ. ಜುಲೈ ಮೊದಲಲ್ಲಿ ಸೂರ್ಯ ಮುಳುಗೋದು 6.50ರ ಹತ್ತಿರ. ಇಡೀ ವರ್ಷದ ವ್ಯತ್ಯಾಸ ಒಂದೇ ಒಂದು ಗಂಟೆ.

ಮುಳುಗಿದ ಮೇಲೆ ಮುಸ್ಸಂಜೆ ಬೆಳಕು ಇರೋದು ಇನ್ನೊಂದು ಇಪ್ಪತ್ತೆರಡು ನಿಮಿಷ. ಅಂದ್ರೆ 6.12ಕ್ಕೆ ದಾರಿ ಕಾಣಲ್ಲ. ನಮ್ಮ ಹಿಂದಿನ ಗೇಟಿನ ರಸ್ತೆಯಲ್ಲಿ ದೀಪ ಹತ್ತೋದು ಏಳಕ್ಕೆ! ಯಾಕಂದ್ರೆ ಅಲ್ಲಿರೋದು ಗಡಿಯಾರದ ಟೈಮರ್, ಅದನ್ನ ಯಾರೋ ಯಾವುದೋ ಜೂನ್‌ನಲ್ಲಿ ಸೆಟ್ ಮಾಡಿ ಹೋಗಿದ್ದಾರೆ, ಅದಿನ್ನೂ ಜೂನ್‌ನಲ್ಲೇ ಇದೆ. ನವೆಂಬರಿನಲ್ಲಿ ಆ ರಸ್ತೆ ಪೂರ್ತಿ ಕತ್ತಲಾಗಿರೋದು 6.12ರಿಂದ 7ರವರೆಗೆ, ನಲವತ್ತೆಂಟು ನಿಮಿಷ. ಈ ಎರಡು ಟೈಮನ್ನ ನೋಟಿಸಿನ ಪಕ್ಕ ಇಟ್ಟು ನೋಡಿ. 6.30ಕ್ಕೆ ಗೇಟು ಮುಚ್ಚುತ್ತೆ ಅಂದ್ರೆ ಹಾಸ್ಟೆಲಿನ ಬಹುಪಾಲು ಹುಡುಗೀರು ಆರೂಕಾಲರಿಂದ ಆರೂವರೆ ನಡುವೆ, ಅಂದ್ರೆ ದೀಪ ಇಲ್ಲದ ಹೊತ್ತಿನಲ್ಲೇ, ಅದೇ ರಸ್ತೆಯಲ್ಲಿ ಓಡ್ತಿರ್ತಾರೆ. ಹಳೇ 7.30ರ ನಿಯಮವನ್ನ ಮುಟ್ಟದೆ ಬಿಟ್ಟಿದ್ರೆ ದೀಪದ ಕೆಳಗೆ ನಡೆದು ಬರ್ತಿದ್ರು. ದಿನಾ ಅದೇ ರಸ್ತೆ, ಅದೇ ಕಾಲು ಗಂಟೆ. ಬೈಕಲ್ಲಿ ಬಂದು ಕೂಗೋರಿಗೆ, ಚುಡಾಯಿಸೋರಿಗೆ ನಾವೇ ಟೈಮ್‌ಟೇಬಲ್ ಬರೆದುಕೊಟ್ಟ ಹಾಗಾಯ್ತು.

ಇದಕ್ಕೆ ಮದ್ದು ಇಲ್ಲ ಅಂತೇನಿಲ್ಲ. ಅಕ್ಷಾಂಶ, ರೇಖಾಂಶ ಕೊಟ್ರೆ ಆಯಾ ದಿನದ ಸೂರ್ಯಾಸ್ತವನ್ನ ತಾನೇ ಲೆಕ್ಕ ಹಾಕಿ ದೀಪ ಹಚ್ಚೋ ಆಸ್ಟ್ರೋನಾಮಿಕಲ್ ಟೈಮರ್‌ಗಳಿವೆ. ಬೆಳಕು ಕಮ್ಮಿ ಆದ ತಕ್ಷಣ ಸ್ವಿಚ್ ಆಗೋ ಫೋಟೋಸೆಲ್‌ನ ಎರಡನೇ ವರ್ಷದ ಇಸಿ ಹುಡುಗರು ಮಿನಿ ಪ್ರಾಜೆಕ್ಟ್ ಅಂತ ಬೋರ್ಡ್ ಮೇಲೆ ಮಾಡಿ, ಮಾರ್ಕ್ಸ್ ತಗೊಂಡು, ಬಿಚ್ಚಿ ಡ್ರಾಯರಿಗೆ ಹಾಕ್ತಾರೆ. ಬೆಂಗಳೂರಿನ ಮಾರುಕಟ್ಟೆ ಪ್ರದೇಶದಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಉರಿದದ್ದು 1905ರ ಆಗಸ್ಟ್‌ನಲ್ಲಿ. ನೂರಿಪ್ಪತ್ತು ವರ್ಷ ಆಯ್ತು. ನಮ್ಮ ರಸ್ತೆಗೆ ಇನ್ನೂ ನಲವತ್ತೆಂಟು ನಿಮಿಷ ಬಾಕಿ ಇದೆ.

ಏಳು ಗಂಟೆ ಮೇಲೂ ಪರಿಸ್ಥಿತಿ ಅಷ್ಟಕ್ಕಷ್ಟೇ, ಅದನ್ನೂ ಹೇಳಿಬಿಡ್ತೀವಿ. ದೀಪ ಇದೆ ಅನ್ನೋದೂ ಬೆಳಕಿದೆ ಅನ್ನೋದೂ ಒಂದೇ ಅಲ್ಲ. ಬೀದಿ ದೀಪಕ್ಕೆ ಐಎಸ್ 1944 ಅನ್ನೋ ಭಾರತೀಯ ಮಾನಕ ಇದೆ. ದೊಡ್ಡ ರಸ್ತೆಗೆ ಸರಾಸರಿ 30 ಲಕ್ಸ್, ಅದಕ್ಕಿಂತ ಚಿಕ್ಕದಕ್ಕೆ 15, ಒಳರಸ್ತೆಗಳಿಗೆ 8, ತೀರಾ ಕಡಿಮೆ ಓಡಾಟದ ಕಡೆ 4. ಹುಣ್ಣಿಮೆ ಬೆಳದಿಂಗಳು ಕಾಲು ಲಕ್ಸ್ ಆಸುಪಾಸು ಇರುತ್ತೆ, ಅದರಿಂದ ಅಂದಾಜು ಮಾಡಿಕೊಳ್ಳಿ. ಸರಾಸರಿಯಷ್ಟೇ ಮುಖ್ಯವಾದ ಇನ್ನೊಂದು ಸಂಖ್ಯೆ ಅದೇ ಮಾನಕದಲ್ಲಿದೆ: ಒಳರಸ್ತೆಯಲ್ಲಿ ಅತಿ ಕಮ್ಮಿ ಬೆಳಕಿರೋ ಜಾಗ ಸರಾಸರಿಯ 0.3ರಷ್ಟಾದರೂ ಇರಬೇಕು. ನಮ್ಮಲ್ಲಿ ಕಂಬದ ಬುಡದಲ್ಲಿ ಕಣ್ಣು ಕುಕ್ಕೋ ಎಲ್‌ಇಡಿ, ಹತ್ತು ಹೆಜ್ಜೆ ಆಚೆ ಹೊಂಗೆ ಮರದ ನೆರಳು, ಮುಂದಿನ ಕಂಬ ಕೆಟ್ಟಿದೆ. ಜೋರು ಬೆಳಕಿಂದ ಕತ್ತಲಿಗೆ ಕಾಲಿಟ್ಟ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ರಸ್ತೆಯೇ ಮುಗಿದಿರುತ್ತೆ. ಮರದ ಮೇಲಿನ ಗೂಬೆಗೆ ಈ ವ್ಯವಸ್ಥೆಯಿಂದ ಅನುಕೂಲ ಆಗಿರಬಹುದು, ನಡೆಯೋರಿಗಂತೂ ಆಗಿಲ್ಲ.

ಕತ್ತಲಲ್ಲಿ ಭಯ ಪಡಬೇಕಾದ್ದು ಮನುಷ್ಯರಿಗೆ ಮಾತ್ರ ಅಂತಲೂ ಅಂದ್ಕೋಬೇಡಿ. ನಮ್ಮಂಥ ಊರಾಚೆ ಕ್ಯಾಂಪಸ್ಸುಗಳಲ್ಲಿ ಖಾಲಿ ಸೈಟಿನ ಹುಲ್ಲಿನಿಂದ ಬೆಚ್ಚಗಿನ ರಸ್ತೆಗೆ ಬಂದು ಮಲಗೋ ಕೊಳಕುಮಂಡಲ ಹುಡುಗ ಹುಡುಗಿ ಅಂತ ನೋಡಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿದೆ. ಚಪ್ಪಲಿ ಬದಲು ಶೂ, ಕಾಲ ಮುಂದೆ ಟಾರ್ಚ್. ಬಾಯ್ಸ್ ಹಾಸ್ಟೆಲಿನವರೂ ಓದಿಕೊಳ್ಳಿ.

ಅಪ್ಪ ಅಮ್ಮನ ಭಯ ಸುಳ್ಳು ಅಂತ ನಾವು ಹೇಳ್ತಿಲ್ಲ. ವಾರ್ಡನ್ ಮೇಡಂ ಅವರ ಭಯವೂ ಸುಳ್ಳಲ್ಲ. ಏನಾದ್ರೂ ಆದ್ರೆ ಮೊದಲ ಫೋನು ಬರೋದು ಅವರಿಗೇ, ಮಾರನೇ ದಿನ ಪೇಪರಲ್ಲಿ ಬರೋದೂ ಅವರೇ. "ನಿಮ್ಮ ತಂಗೀನ ಎಂಟು ಗಂಟೆಗೆ ಆ ರಸ್ತೇಲಿ ಒಬ್ಬಳೇ ಕಳಿಸ್ತೀಯೇನಪ್ಪಾ?" ಅಂತ ಅವರು ಕೇಳಿದ್ರೆ ನಮ್ಮ ಹುಡುಗರು ತಲೆ ತಗ್ಗಿಸ್ತಾರೆ. ಉತ್ತರ ಸುಲಭ ಇದೆ: ಇಲ್ಲ ಮೇಡಂ, ಕಳಿಸಲ್ಲ. ಆರೂಕಾಲಿಗೂ ಕಳಿಸಲ್ಲ. ರಸ್ತೆ ಸರಿಯಿಲ್ಲ ಅಂದ್ಮೇಲೆ ರಸ್ತೇನ ತಾನೇ ಸರಿ ಮಾಡಬೇಕಾದ್ದು?

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ನೆನಪು ಮಾಡ್ಕೊಳ್ಳಿ. ಅದೇ ನವೆಂಬರ್, ಅದೇ ಬೇಗ ಆಗೋ ಕತ್ತಲು. ಆದ್ರೂ ರಾತ್ರಿ ಹತ್ತಕ್ಕೆ ಬುಲ್ ಟೆಂಪಲ್ ರಸ್ತೆಯಲ್ಲಿ ಅಜ್ಜಿಯರು, ಕಾಲೇಜು ಹುಡುಗೀರು, ಮಗು ಎತ್ತಿಕೊಂಡ ಅಮ್ಮಂದಿರು ಕಡಲೆಕಾಯಿ ಸುಲಿತಾ ನಡೀತಿರ್ತಾರೆ. ನೂಕುನುಗ್ಗಲಲ್ಲಿ ಕೈ ಹಾಕೋ ಕಿಡಿಗೇಡಿಗಳು ಅಲ್ಲೂ ಇರ್ತಾರೆ, ಇಲ್ಲ ಅನ್ನಲ್ಲ, ಆದ್ರೆ ಕೂಗಿದ್ರೆ ಹತ್ತು ಜನ ತಿರುಗಿ ನೋಡ್ತಾರೆ. ಧನುರ್ಮಾಸದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ದೇವಸ್ಥಾನಕ್ಕೆ ಹೊರಡೋ ಹೆಂಗಸರನ್ನ ಯಾರೂ ತಡೆಯಲ್ಲ, ಬೀದಿಯುದ್ದಕ್ಕೂ ಬಾಗಿಲು ತೆರೆದಿರುತ್ತೆ, ರಂಗೋಲಿ ಹಾಕ್ತಿರ್ತಾರೆ, ಹುಗ್ಗಿ ಹಂಚ್ತಿರ್ತಾರೆ. ಹಳೇ ಮನೆಗಳ ಜಗಲಿ ಮಾಡ್ತಿದ್ದ ಕೆಲಸವೂ ಇದೇ. ಜಗಲಿ ಮೇಲೆ ಅಜ್ಜಿ ಕೂತಿದ್ರೆ ಬೀದಿಗೆ ಬೇರೆ ಕಾವಲು ಬೇಕಿರಲಿಲ್ಲ. ಆ ಅಜ್ಜಿ ನಮ್ಮನ್ನೂ ಗಮನಿಸ್ತಿದ್ದರು, ಸಂಜೆ ಮನೆಗೆ ವರದಿ ಒಪ್ಪಿಸ್ತಿದ್ದರು ಅನ್ನೋದು ಬೇರೆ ಮಾತು.

ನಮ್ಮ ಹಿಂದಿನ ಗೇಟಿನ ಹತ್ರ ಒಂದು ಟೀ ಗಾಡಿ ಇತ್ತು. ಕ್ಯಾಂಪಸ್ಸಿನ ಶಿಸ್ತಿಗೆ ಸರಿಹೋಗಲ್ಲ ಅಂತ ಎಬ್ಬಿಸಿದರು. ಅಣ್ಣನ ಸ್ಟೋವ್ ಬೆಳಕು ಹೋಯ್ತು, ಅಲ್ಲಿ ಎಂಟರವರೆಗೆ ನಿಂತಿರ್ತಿದ್ದ ಇಪ್ಪತ್ತು ಜನರೂ ಹೋದರು. ಬದಲಿಗೆ ಬಂದದ್ದು ಒಂದು ಸಿಸಿಟಿವಿ. ಕ್ಯಾಮೆರಾ ಬೇಡ ಅಂತಲ್ಲ, ನಡೆದ ಮೇಲೆ ಯಾರು ಅಂತ ಹೇಳೋಕೆ ಅದು ಬೇಕು. ಆದ್ರೆ ಅದು ಓಡಿ ಬರಲ್ಲ. ಮೇಲಾಗಿ ನಮ್ಮ ಕ್ಯಾಮೆರಾ ತಿರುಗಿರೋದು ರಸ್ತೆ ಕಡೆಗಲ್ಲ, ಗೇಟಿನ ಕಡೆಗೆ. ಯಾರು ಲೇಟಾಗಿ ಬಂದರು ಅಂತ ನೋಡೋಕೆ.

ನಿಯಮ ಕೂಡ ನಮ್ಮ ಕಡೆಗೇ ಇದೆ. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ 2015ರಲ್ಲಿ ತಂದ ನಿಯಮಾವಳಿ ಈ ವಿಷಯ ನೇರವಾಗಿ ಹೇಳುತ್ತೆ: ಸುರಕ್ಷತೆಯ ಕಾರಣ ಕೊಟ್ಟು ಹಾಸ್ಟೆಲಿನಲ್ಲಿ ಹುಡುಗೀರಿಗೆ ಹುಡುಗರಿಗಿಂತ ಬೇರೆ ನಿಯಮ ಮಾಡೋ ಹಾಗಿಲ್ಲ. ಅದಕ್ಕೂ ಮುಂಚೆ, 2013ರ ಸಕ್ಷಮ್ ವರದಿಯಲ್ಲೂ ಇದೇ ಮಾತಿತ್ತು. ಪ್ರತೀ ಕಾಲೇಜಿನ ರ‍್ಯಾಗಿಂಗ್ ವಿರೋಧಿ ಬೋರ್ಡಿನಷ್ಟೇ ದೊಡ್ಡದಾಗಿ ಇದನ್ನೂ ಬರೆಸಿದ್ರೆ ಚೆನ್ನಾಗಿರ್ತಿತ್ತು.

ಹಾಸ್ಟೆಲ್ ಬಿಟ್ಟು ಪಿಜಿಯಲ್ಲೋ ಬಾಡಿಗೆ ರೂಮಲ್ಲೋ ಇರೋರು ಇದು ತಮಗೆ ಸಂಬಂಧವಿಲ್ಲ ಅಂತ ಪುಟ ಸರಿಸಬೇಡಿ. ಕತ್ತಲಾಯ್ತು, ಬೀಗ ಹಾಕು ಅನ್ನೋ ಅದೇ ಬುದ್ಧಿ ನಿಮ್ಮ ಬಾಗಿಲ ಮೇಲೂ ನೇತಾಡ್ತಿದೆ. ಕಾನೂನಿಗೂ ಕತ್ತಲಿನ ಮೇಲೆ ಕಣ್ಣಿದೆ. ಕಳ್ಳತನಕ್ಕೆ ಅಂತ ಮನೆಗೆ ಕನ್ನ ಹಾಕಿದ್ರೆ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಂ ಪ್ರಕಾರ ಗರಿಷ್ಠ 10 ವರ್ಷ. ಅದೇ ಕೆಲಸ ಸೂರ್ಯ ಮುಳುಗಿ ಹುಟ್ಟೋದ್ರೊಳಗೆ ಮಾಡಿದ್ರೆ 14 ವರ್ಷ. ಸಂಜೆ 5.45ಕ್ಕೂ 5.55ಕ್ಕೂ ನಾಲ್ಕು ವರ್ಷ ವ್ಯತ್ಯಾಸ. ಕಳ್ಳರು ಪಂಚಾಂಗ ನೋಡಿ ಹೊರಡ್ತಾರೋ ಇಲ್ಲವೋ, ಅವರು ಹುಡುಕೋದು ಕತ್ತಲಿಗಿಂತ ಹೆಚ್ಚಾಗಿ ಖಾಲಿ ಮನೆ. ಸೆಮ್ ಎಕ್ಸಾಮ್ ಮುಗಿದು ಎಲ್ಲರೂ ಊರಿಗೆ ಹೋಗೋ ಡಿಸೆಂಬರ್ ಜನವರಿಯಲ್ಲಿ ನಮ್ಮ ಲೇಔಟಿನ ಅರ್ಧ ರೂಮುಗಳು ಖಾಲಿ. ಹೊರಗಡೆ ನೇತಾಡೋ ದೊಡ್ಡ ಬೀಗವೇ ಒಳಗೆ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ. ಪಕ್ಕದ ಮನೆ ಮುಂದೆಲ್ಲಾ ನೀರು ಹಾಕಿ ರಂಗೋಲಿ ಬಿಟ್ಟಿದ್ದು, ನಿಮ್ಮ ಬಾಗಿಲಲ್ಲಿ ಮಾತ್ರ ನಾಲ್ಕು ದಿನದ ಪೇಪರ್ ಬಿದ್ದಿದ್ರೆ ಹೇಳಿಕೊಡೋಕೆ ಮತ್ತೇನು ಬೇಕು? ವಾಟ್ಸಾಪ್ ಸ್ಟೇಟಸ್ಸಲ್ಲಿ ರೈಲಿನ ಕಿಟಕಿ ಫೋಟೋ ಹಾಕಿದ್ರೆ ಇನ್ನೂ ಅನುಕೂಲ.

ಬೀಗಕ್ಕೆ ಎಂಟುನೂರು ಕೊಡ್ತೀವಿ, ಆ ಬೀಗ ಸಿಕ್ಕಿಸೋ ಕೊಂಡಿ ಮಾತ್ರ ಅರ್ಧ ಇಂಚಿನ ನಾಲ್ಕು ಸ್ಕ್ರೂ ಮೇಲೆ ನಿಂತಿರುತ್ತೆ. ಬೀಗ ಒಡೆಯೋ ಕಷ್ಟ ಯಾರೂ ತಗೊಳ್ಳಲ್ಲ. ಎರಡಡಿ ಕಬ್ಬಿಣದ ರಾಡ್ ಕೊಂಡಿಯ ಸಂದಿಗೆ ತೂರಿಸಿ ಮೀಟಿದ್ರೆ ಸಾಕು, ಫಸ್ಟ್ ಸೆಮ್ ಮೆಕ್ಯಾನಿಕ್ಸಿನ ಲಿವರ್ ಉಳಿದದ್ದು ನೋಡ್ಕೊಳ್ಳುತ್ತೆ. ಸ್ಕ್ರೂ ತೆಗೆಸಿ ಬಾಗಿಲ ಆರಪಾರ ಹೋಗೋ ಬೋಲ್ಟ್ ಹಾಕಿಸಿ, ನಟ್ ಒಳಗಡೆ ಬರಲಿ. ಓನರ್ ಒಪ್ಪಿದ್ರೆ ಇಂಟರ್‌ಲಾಕ್ ಇನ್ನೂ ಒಳ್ಳೇದು, ಒಳಗೆ ಜನ ಇದ್ದಾರೋ ಇಲ್ಲವೋ ಹೊರಗಿಂದ ಗೊತ್ತಾಗಲ್ಲ. ಕೀ ಮಾತ್ರ ಮೀಟರ್ ಬಾಕ್ಸ್ ಮೇಲಿಡಬೇಡಿ ಮಾರಾಯ್ರೆ. ಇನ್ನು ಪಿಜಿಗಳಲ್ಲಿ ಲ್ಯಾಪ್‌ಟಾಪು ಹೋಗೋದಕ್ಕೆ ಬೀಗ ಒಡೆಯೋದೂ ಬೇಡ. ಬೆಳಗಿನ ಜಾವ ಐದು, ಐದೂವರೆ, ಇನ್ನೂ ಕತ್ತಲು, ಒಬ್ಬ ಬಾತ್‌ರೂಮಿಗೆ ಹೋಗಿರ್ತಾನೆ, ಬಾಗಿಲು ತೆರೆದಿರುತ್ತೆ, ಉಳಿದ ಮೂವರು ಗೊರಕೆ. ಸಿಂಪಲ್ ಚಿಲಕ ಹಾಕ್ಕೊಂಡು ಹೋಗೋ ಅಭ್ಯಾಸ ಸಾವಿರ ರೂಪಾಯಿ ವೈಫೈ ಕ್ಯಾಮೆರಾಗಿಂತ ಮೇಲು. ಕ್ಯಾಮೆರಾ ಹಾಕಿಸಿದ್ದೇ ಆದ್ರೆ ಅದರ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿ. ಊರಿಗೆ ಹೋಗೋ ಮುಂಚೆ ಎದುರು ಮನೆ ಆಂಟಿಗೆ ಹೇಳಿ, ಠಾಣೆಗೂ ಒಂದು ಮಾತು ಹೇಳಿದ್ರೆ ಬೀಟ್ ಪೊಲೀಸರು ಆ ಕಡೆ ಕಣ್ಣು ಹಾಯಿಸ್ತಾರೆ. ಆಂಟಿ ಜೊತೆ ಈ ವರ್ಷವಿಡೀ ನಾಲ್ಕು ಮಾತಾಡಿರಬೇಕು, ಅಷ್ಟೇ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ, ಎಷ್ಟೋ ಹಳ್ಳಿಗಳಲ್ಲಿ ಜನ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿಡ್ತಿದ್ದ ಕಥೆ ನಿಮ್ಮ ಮನೇಲೂ ಕೇಳಿರ್ತೀರಿ. ರಾತ್ರಿ ಒಂದು ಹೆಣ್ಣು ದೆವ್ವ ಬಂದು, ಪರಿಚಯದವರ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತಂತೆ. ಬರೆದದ್ದು ಓದಿ ವಾಪಸ್ ಹೋಗುತ್ತಂತೆ, ಮಾರನೇ ದಿನ ಮತ್ತೆ ಬರುತ್ತಂತೆ. ಸೀಮೆಸುಣ್ಣದ ಸೆಕ್ಯುರಿಟಿ ಸಿಸ್ಟಮ್! ನಮಗೆ ವಿಚಿತ್ರ ಅನ್ಸೋದು ಆ ದೆವ್ವದ ವಿಧೇಯತೆಗಿಂತ, ಕತ್ತಲಾದ ಮೇಲೆ ಬಾಗಿಲು ತಟ್ಟೋ ಹೆಣ್ಣು ದೆವ್ವವೇ ಇರಬೇಕು ಅಂತ ಊರಿಗೆ ಊರೇ ಒಪ್ಪಿದ್ದು. ಆರು ಮೂವತ್ತೈದಕ್ಕೆ ಬಂದ ನಮ್ಮ ಕ್ಲಾಸ್‌ಮೇಟ್‌ಗೆ ಹಾಸ್ಟೆಲ್ ಗೇಟು ಹೇಳೋದೂ ಹೆಚ್ಚುಕಮ್ಮಿ ಅದನ್ನೇ. ಮನೆಗೆ ಫೋನ್ ಹೋಗುತ್ತೆ, ರಿಜಿಸ್ಟರಲ್ಲಿ ಕೆಂಪು ಇಂಕು ಬೀಳುತ್ತೆ. ಇದರ ನಿಜವಾದ ಅಪಾಯ ಏನು ಗೊತ್ತಾ? ಮಧ್ಯದಾರಿಯಲ್ಲಿ ಯಾರಾದ್ರೂ ಹಿಂಬಾಲಿಸಿದ್ರೂ ಹುಡುಗೀರು ಹೇಳೋದಿಲ್ಲ. ಹೇಳಿದ್ರೆ ಇನ್-ಟೈಮ್ ಆರಕ್ಕೆ ಬರುತ್ತೆ ಅಂತ ಅವರಿಗೆ ಗೊತ್ತು. ಹೀಗೆ ದೂರು ಬರದೇ ಇರೋದನ್ನೇ ತೋರಿಸಿ, ನಮ್ಮ ಕ್ಯಾಂಪಸ್ ಸುರಕ್ಷಿತ ಅಂತ ಫೈಲಲ್ಲಿ ಬರೀತಾರೆ.

ಅಲ್ಲಿಯವರೆಗೂ ಫೋನಲ್ಲಿ ಮಾಡ್ಕೋಬೇಕಾದ್ದು ಮಾಡ್ಕೊಳ್ಳಿ. 112 ದೇಶಕ್ಕೆಲ್ಲಾ ಒಂದೇ ತುರ್ತು ನಂಬರ್, 181 ಮಹಿಳಾ ಸಹಾಯವಾಣಿ. ಪವರ್ ಬಟನ್ನನ್ನ ಬೇಗಬೇಗ ಮೂರು ಸಲವೋ ಐದು ಸಲವೋ ಒತ್ತಿದ್ರೆ ತುರ್ತು ಕರೆ ಹೋಗೋ ಸೌಲಭ್ಯ ನಿಮ್ಮ ಫೋನಲ್ಲೂ ಇರುತ್ತೆ. ಎಷ್ಟು ಸಲ ಅಂತ ಸೆಟ್ಟಿಂಗ್ಸಲ್ಲಿ ನೋಡ್ಕೊಂಡು, ನಂಬಿಕೆಯ ಎರಡು ನಂಬರ್ ಸೇರಿಸಿಡಿ. ಜೇಬಲ್ಲೇ ಒತ್ತಿ ಪೊಲೀಸರಿಗೆ ಕಾಲ್ ಹೋಗದ ಹಾಗೂ ನೋಡ್ಕೊಳ್ಳಿ.

ನಾವು ಪ್ರಿನ್ಸಿಪಾಲರಿಗೆ ಕೊಡೋ ಮನವಿಯಲ್ಲಿ ದೊಡ್ಡದೇನೂ ಇಲ್ಲ. ಟೈಮರ್ ಬದಲಾಗಬೇಕು, ಅದು ನಾಳೆಯೇ ಆಗೋ ಕೆಲಸ. ಹೊಂಗೆಯ ನಾಲ್ಕು ಕೊಂಬೆ ಇಳಿಸಬೇಕು. ಗೇಟಿನೊಳಗೆ ಕುರ್ಚಿ ಹಾಕ್ಕೊಂಡು ಕೂತಿರೋ ಇಬ್ಬರು ಸೆಕ್ಯುರಿಟಿ ಅಣ್ಣಂದಿರಲ್ಲಿ ಒಬ್ಬರು ರಸ್ತೆಯ ಮಧ್ಯದ ತಿರುವಿಗೆ ಬರಬೇಕು. ಬೆಳಗ್ಗೆ ಒಂದು ಟ್ರಿಪ್ ಹೊಡೆದು ದಿನವಿಡೀ ನಿಂತಿರೋ ಕಾಲೇಜ್ ಬಸ್ಸು ಆರರಿಂದ ಒಂಬತ್ತರವರೆಗೆ ಅರ್ಧ ಗಂಟೆಗೊಮ್ಮೆ ಹಾಸ್ಟೆಲ್ ಕಡೆ ಹೋಗಬೇಕು. ಟೀ ಗಾಡಿ ಅಣ್ಣನನ್ನ ವಾಪಸ್ ಕರೀಬೇಕು. ಇನ್-ಟೈಮ್ ಎರಡೂ ಹಾಸ್ಟೆಲ್‌ಗೆ ಒಂದೇ ಇರಬೇಕು, ಅದು ಎಷ್ಟು ಗಂಟೆ ಅಂತ ಕೂತು ಮಾತಾಡೋಣ. ಗೇಟಿನಾಚೆಯ ಕಂಬಗಳ ವಿಷಯ ಬೇರೆ: ದೀಪ ಸ್ಥಳೀಯ ಸಂಸ್ಥೆಯದ್ದು, ಕರೆಂಟು ವಿದ್ಯುತ್ ಕಂಪನಿಯದ್ದು. ಇವರನ್ನ ಕೇಳಿದ್ರೆ ಅವರು, ಅವರನ್ನ ಕೇಳಿದ್ರೆ ಇವರು ಅಂತಾರೆ. ಅದಕ್ಕೇ ದೂರಿನಲ್ಲಿ "ಕಾಲೇಜ್ ಹತ್ತಿರ ದೀಪ ಇಲ್ಲ" ಅಂತ ಬರೆದ್ರೆ ಆಗಲ್ಲ, ಕಂಬದ ನಂಬರ್ ಬೇಕು.

ಬರೋ ಶುಕ್ರವಾರ ಸಂಜೆ 6.10ಕ್ಕೆ ಮೇನ್ ಬ್ಲಾಕ್ ಮುಂದೆ ಸೇರೋಣ. ಫೋನಿಗೆ ಯಾವುದಾದ್ರೂ ಲಕ್ಸ್ ಮೀಟರ್ ಆ್ಯಪ್ ಹಾಕ್ಕೊಂಡು ಬನ್ನಿ. ಸೆನ್ಸರ್ ಸ್ಕ್ರೀನ್ ಕಡೆ ಇರುತ್ತೆ, ಹಾಗಾಗಿ ಸ್ಕ್ರೀನ್ ಆಕಾಶ ನೋಡ್ಬೇಕು, ಸೊಂಟಕ್ಕಿಂತ ಕೆಳಗೆ ಹಿಡೀರಿ. ಸಂಖ್ಯೆ ಲ್ಯಾಬ್ ಮೀಟರಿನಷ್ಟು ಕರಾರುವಾಕ್ಕಾಗಿ ಇರಲ್ಲ, ಆದ್ರೆ ಸೊನ್ನೆಗೂ ನಾಲ್ಕಕ್ಕೂ ವ್ಯತ್ಯಾಸ ತೋರಿಸೋಕೆ ಸಾಕು. ಕಂಬದಿಂದ ಕಂಬಕ್ಕೆ ಐದೈದು ಹೆಜ್ಜೆಗೊಂದು ರೀಡಿಂಗ್, ಪಕ್ಕದಲ್ಲಿ ಕಂಬದ ನಂಬರ್ ಮತ್ತು ಟೈಮ್. ಹುಡುಗೀರು 6.30ರವರೆಗೆ ಅಳೆಯಲಿ, ಅಲ್ಲಿಂದ ಏಳರವರೆಗೆ ಹುಡುಗರು ಮುಂದುವರಿಸ್ತಾರೆ. ಯಾವ ಕಂಬದ ಹತ್ರ ಕೈ ಬದಲಾಯ್ತು ಅನ್ನೋದಕ್ಕೂ ಶೀಟಲ್ಲಿ ಒಂದು ಕಾಲಂ ಹಾಕಿದ್ದೀವಿ.